ದೊರೆಯ ಕಣ್ಣಿಗೆ ಹಸುವಿನ ಪೊರೆ

ನಮ್ಮತ್ತೆಗೆ ಮುಚ್ಚಿದ ಡಬ್ಬ ಕಂಡರೆ ಕೈ ಸುಮ್ಮನಿರುವುದಿಲ್ಲ. ನೆಂಟರ ಮನೆಗೆ ಹೋದರೂ ಅಡುಗೆಮನೆಯ ಡಬ್ಬಗಳ ಮುಚ್ಚಳ ಎತ್ತಿ, ಮೂಸಿ, "ಓ, ಇದಾ" ಎಂದು ಮತ್ತೆ ಮುಚ್ಚಿಡುತ್ತಾರೆ. ತಿನ್ನುವ ಆಸೆಯೇನಿಲ್ಲ. ಒಳಗೇನಿದೆ ಎಂದು ತಿಳಿಯದಿದ್ದರೆ ಅವರಿಗೆ ಊಟ ಸೇರದು, ಅಷ್ಟೇ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ನನ್ನ ಪೆಟ್ಟಿಗೆಯನ್ನೂ ಹೀಗೇ ತೆರೆದಿದ್ದರು. ದನದ ಗರ್ಭ ಪರೀಕ್ಷೆಗೆ ಬಳಸುವ, ಭುಜದವರೆಗೆ ಬರುವ ಪ್ಲಾಸ್ಟಿಕ್ ಗ್ಲೌಸು ಸಿಕ್ಕಿತು. ಅದನ್ನು ತೊಟ್ಟುಕೊಂಡೇ ಹಜಾರಕ್ಕೆ ಬಂದು, "ಇದೇನೇ ಇದು, ಇಷ್ಟುದ್ದ?" ಎಂದರು. ಯಾತಕ್ಕೆಂದು ಹೇಳಿದೆ. ಬೇರೆ ಯಾರಾದರೂ ಆಗಿದ್ದರೆ ಕಿತ್ತೆಸೆದು ಸೋಪು ಹುಡುಕುತ್ತಿದ್ದರು. ಅವರು ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಒಳಗೆ ಕರು ಇದ್ದರೆ ಬೆರಳಿಗೆ ಏನು ತಾಗುತ್ತೆ?" ಎಂದು ಕೇಳಿದರು. ನಮ್ಮ ಸ್ನೇಹ ಶುರುವಾದದ್ದೇ ಅಲ್ಲಿಂದ.

ನಾನು ಪಶುವೈದ್ಯೆ. ಮನೆಯ ಮುಂಭಾಗದ ಎರಡು ಕೋಣೆಗಳೇ ನನ್ನ ಕ್ಲಿನಿಕ್ಕು. ಬೆಳಿಗ್ಗೆ ನಾಯಿ, ಬೆಕ್ಕು. ಮಧ್ಯಾಹ್ನದ ಮೇಲೆ ಸ್ಕೂಟರು ಹತ್ತಿ ಊರಾಚೆಯ ಡೈರಿಗಳ ಕಡೆ. ಅತ್ತೆ ಉಪ್ಪಿನ ಗದ್ದೆಯಲ್ಲಿ ದುಡಿದವರು. ಹರೆಯದಲ್ಲಿ ಉಪ್ಪು ಗೋರುವ ಕೆಲಸಕ್ಕೆ ಸೇರಿ, ಕೊನೆಗೆ ಮೇಸ್ತ್ರಿಯಾಗಿ ನಿವೃತ್ತರಾದರು. ಬೀದಿಯವರಿಗೆಲ್ಲ ಅವರು ಇವತ್ತಿಗೂ ಉಪ್ಪಿನಮ್ಮ. ಆ ಗದ್ದೆಗಳ ಬಿಸಿಲು, ಗಾಳಿ, ನೀರಿನ ಮೇಲಿಂದ ಕಣ್ಣಿಗೆ ರಾಚುವ ಬಿಳುಪು, ಎಲ್ಲ ಸೇರಿ ಅವರ ಬಲಗಣ್ಣಿನಲ್ಲಿ ದುರ್ಮಾಂಸ ಬೆಳೆಸಿದ್ದವು. ಮೂಗಿನ ಕಡೆಯಿಂದ ಶುರುವಾಗಿ, ಕೆಂಪು ನರಗಳ ಸಮೇತ, ಬಿಳಿಯನ್ನು ದಾಟಿ ಕಪ್ಪಿನ ಮೇಲೆ ಚಾಚಿಕೊಂಡಿತ್ತು. ಬಹಳ ಹಿಂದೆ ಒಮ್ಮೆ ಕತ್ತರಿಸಿ ತೆಗೆಸಿದ್ದರಂತೆ. ಮೊದಲಿಗಿಂತ ದಪ್ಪವಾಗಿ ಮತ್ತೆ ಬಂತು. ಅಂದಿನಿಂದ, "ಇನ್ನು ಯಾರೂ ನನ್ನ ಕಣ್ಣಿನ ತಂಟೆಗೆ ಬರೋದು ಬೇಡ" ಎಂದು ಹಟ ಹಿಡಿದಿದ್ದರು. ಲೋಕದ ಎಲ್ಲ ಮುಚ್ಚಳ ಎತ್ತುವ ಹೆಂಗಸು ತನ್ನ ಕಣ್ಣಿನ ಮಾತು ಬಂದರೆ ಮಾತ್ರ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದರು.

ಒಂದು ದಿನ ಮಧ್ಯಾಹ್ನ ಡೈರಿಯವನೊಬ್ಬ ಫೋನು ಮಾಡಿದ. ಹಸು ಬೆಳಗಿನಿಂದ ತಿಣುಕುತ್ತಿದೆ, ಕರು ಬರುತ್ತಿಲ್ಲ. ಹೋಗಿ ಕೈಹಾಕಿ ನೋಡಿದರೆ ಕರು ದೊಡ್ಡದು, ದಾರಿ ಚಿಕ್ಕದು. ಸಿಸೇರಿಯನ್ ಮಾಡದೆ ಬೇರೆ ದಾರಿಯಿರಲಿಲ್ಲ. ಹಸುವನ್ನು ನಿಂತಂತೆಯೇ ಕಟ್ಟಿ, ಎಡ ಪಕ್ಕೆಯ ಕೂದಲು ಬೋಳಿಸಿ, ಮರಗಟ್ಟಿಸುವ ಸೂಜಿ ಕೊಟ್ಟು, ಪಕ್ಕೆ ತೆರೆದೆ. ನನಗಿಂತ ಹಿರಿಯರಾದ ನಮ್ಮ ಕಂಪೌಂಡರ್ ಕಾಲು ಹಿಡಿದೆಳೆದರು. ಕರು ಹೊರಬಂದು, ಹುಲ್ಲಿನ ಮೇಲೆ ಬಿದ್ದು, ಒಮ್ಮೆ ಸೀನಿತು. ಡೈರಿಯವನು ಅದರ ಮುಖ ಒರೆಸುತ್ತಿದ್ದ. ನನ್ನ ಕಣ್ಣು ಮಾತ್ರ ಸೀಳಿದ ಗರ್ಭದ ಬಾಯಲ್ಲಿ ತೊನೆಯುತ್ತಿದ್ದ ಪೊರೆಯ ಮೇಲಿತ್ತು.

ಕರುವನ್ನು ಸುತ್ತಿಕೊಂಡು, ಅದರ ನೀರನ್ನು ಹಿಡಿದಿಟ್ಟುಕೊಳ್ಳುವ ಒಳಚೀಲ ಅದು. ತೆಳ್ಳಗೆ, ಹಾಲು ಬೆರೆತ ನೀರಿನ ಬಣ್ಣ. ರಕ್ತನಾಳವಿಲ್ಲ. ಓದುವ ಕಾಲದಲ್ಲಿ ನಮ್ಮ ಮೇಷ್ಟ್ರೊಬ್ಬರು ಅಂಥದೇ ಒಂದು ತುಂಡನ್ನು ಕುದುರೆಯ ಹುಣ್ಣಾದ ಕಣ್ಣಿನ ಮೇಲೆ ಹೊಲಿದದ್ದನ್ನು ನೋಡಿದ್ದೆ. ಒಂದೇ ಸಲ. ಆ ಕುದುರೆ ಏನಾಯಿತೆಂದು ತಿಳಿಯುವ ಮೊದಲೇ ಪರೀಕ್ಷೆ ಬಂದು, ನಾವೆಲ್ಲ ಚದುರಿಹೋದೆವು. ಆಮೇಲೆ ಪತ್ರಿಕೆಗಳಲ್ಲಿ ಆ ಬಗ್ಗೆ ಏನು ಬಂದರೂ ಬಿಡದೆ ಓದುತ್ತಿದ್ದೆ. ಹೆರಿಗೆಗಳಲ್ಲಿ ಮಾತ್ರ ಪ್ರತಿ ಸಲವೂ ಅದನ್ನು ಮಾಸಿನ ಜೊತೆ ಗುಂಡಿಗೆ ಹಾಕಿಸುತ್ತಿದ್ದೆ. ಅಂದು ಯಾಕೋ ಕೈ ತಡೆಯಿತು. "ಶುದ್ಧವಾದ ಬಾಟಲಿ ಇದೆಯಾ?" ಎಂದು ಕಂಪೌಂಡರನ್ನು ಕೇಳಿದೆ. ಅವರು, "ಏನಕ್ಕಮ್ಮಾ?" ಎನ್ನುತ್ತಲೇ ತಂದುಕೊಟ್ಟರು.

ಕ್ಲಿನಿಕ್ಕಿಗೆ ಬಂದು ಪೊರೆಯನ್ನು ಸಲೈನಿನಲ್ಲಿ ಮತ್ತೆ ಮತ್ತೆ ತೊಳೆದೆ, ಸೋಂಕು ತಡೆಯುವ ಔಷಧದಲ್ಲಿ ನೆನೆಸಿದೆ, ಅಂಟಿದ್ದ ಲೋಳೆಯನ್ನೆಲ್ಲ ಒರೆಸಿದೆ. ತೆಳುವಾದ ಕಾಗದದ ಮೇಲೆ ಹರಡಿ, ತುಂಡು ಮಾಡಿ, ಗ್ಲಿಸರಿನ್ ತುಂಬಿದ ಮೂರು ಪುಟ್ಟ ಸೀಸೆಗಳಲ್ಲಿ ಇಳಿಬಿಟ್ಟೆ. ಕ್ಲಿನಿಕ್ಕಿನ ಫ್ರಿಜ್ಜು ಕೆಟ್ಟು ಕೂತಿತ್ತು. ಬೇರೆ ದಾರಿ ಕಾಣದೆ ಸೀಸೆಗಳನ್ನು ಒಂದು ಸ್ಟೀಲಿನ ಡಬ್ಬಿಯಲ್ಲಿಟ್ಟು ಮನೆಯ ಫ್ರೀಜರಿನಲ್ಲಿ ಇಟ್ಟೆ. ಮೇಲೆ ಚೀಟಿ ಅಂಟಿಸಿದೆ: ಔಷಧ, ಮುಟ್ಟಬೇಡಿ.

ನಮ್ಮತ್ತೆಯ ಕಣ್ಣಿಗೆ ಅಂಥ ಚೀಟಿ ಕರೆಯೋಲೆ ಇದ್ದಂತೆ ಎಂಬುದನ್ನು ನಾನು ಹೇಗೆ ಮರೆತೆನೋ!

ಮಾರನೆಯ ದಿನ ಊಟಕ್ಕೆ ಒಳಗೆ ಬಂದರೆ ಅತ್ತೆ ಕಿಟಕಿಯ ಹತ್ತಿರ ಸ್ಟೂಲು ಎಳೆದುಕೊಂಡು ಕೂತಿದ್ದಾರೆ. ತೊಡೆಯ ಮೇಲೆ ತಟ್ಟೆ, ತಟ್ಟೆಯಲ್ಲಿ ಪೊರೆ. ಎರಡು ಬೆರಳಿನಲ್ಲಿ ತುದಿ ಹಿಡಿದೆತ್ತಿ ಬೆಳಕಿಗೆ ಒಡ್ಡಿ ನೋಡುತ್ತಿದ್ದಾರೆ.

"ಅತ್ತೇ!" ಎಂದು ಕಿರುಚಿಬಿಟ್ಟೆ.

"ಬೆಚ್ಚಿಬೀಳಿಸ್ತೀಯಲ್ಲೇ! ಏನಿದು? ಈರುಳ್ಳಿ ಸಿಪ್ಪೆ ಅಂದ್ಕೊಂಡೆ. ಅಲ್ಲ. ಹಾವಿನ ಪೊರೆನಾ?"

"ಮುಟ್ಟಬೇಡಿ ಅಂತ ಬರೆದಿತ್ತಲ್ಲ!"

"ಡಬ್ಬಿ ಮುಟ್ಟಬೇಡಿ ಅಂತ ಬರೆದಿತ್ತು. ಒಳಗಿರೋದನ್ನ ಮುಟ್ಟಬೇಡಿ ಅಂತ ಎಲ್ಲಿತ್ತು?"

ಕೋಪ ನೆತ್ತಿಗೇರಿತು. ಅದನ್ನು ಹೇಗೆ ತಂದೆ, ಎಷ್ಟು ತೊಳೆದೆ, ಇನ್ನು ಅದು ಯಾವ ಪ್ರಾಣಿಯ ಕಣ್ಣಿಗೂ ಆಗದು ಎಂದು ಒಂದೇ ಉಸಿರಿಗೆ ಹೇಳಿದೆ. ಅತ್ತೆಯ ಮುಖ ಚಿಕ್ಕದಾಯಿತು. ತಟ್ಟೆಯನ್ನು ಮೆಲ್ಲನೆ ಮೇಜಿನ ಮೇಲಿಟ್ಟು, "ಎಲ್ಲಾನೂ ಹಾಳು ಮಾಡಿದ್ನಾ?" ಎಂದರು.

"ಒಂದು ಸೀಸೆ. ಇನ್ನೆರಡು ಇವೆ."

ಅತ್ತೆ ಸೆರಗಿಗೆ ಬೆರಳು ಒರೆಸಿಕೊಂಡರು. ಆಮೇಲೆ ಅವರೇ ತಗ್ಗಿದ ದನಿಯಲ್ಲಿ, "ಕಣ್ಣಿಗೆ ಅಂದ್ಯಲ್ಲ. ಕಣ್ಣಿಗೆ ಯಾಕೆ ಇದನ್ನ ಹಾಕೋದು?" ಎಂದು ಕೇಳಿದರು.

ಬೈಯಿಸಿಕೊಂಡ ಮೇಲೂ ಪ್ರಶ್ನೆ ಬಿಡದವರ ಮೇಲೆ ಎಷ್ಟು ಹೊತ್ತು ಕೋಪ ಮಾಡಿಕೊಂಡಿರಲಾದೀತು? ನಾನೂ ಸ್ಟೂಲು ಎಳೆದುಕೊಂಡೆ. "ಹೇಗೂ ಹಾಳಾಯ್ತು, ಈಗ ಸರಿಯಾಗಿ ನೋಡಿ" ಎಂದು ಹತ್ತಿಯ ತುದಿಯೊಂದನ್ನು ಅವರ ಕೈಗೆ ಕೊಟ್ಟೆ. ಕರುವಿನ ಕಡೆಗಿದ್ದ ಮೈ ನುಣುಪು, ಹತ್ತಿ ಜಾರುತ್ತದೆ. ತಾಯಿಯ ಕಡೆಗಿದ್ದ ಮೈ ಕೊಂಚ ಅಂಟು, ಹತ್ತಿ ಮುಟ್ಟಿಸಿ ಎತ್ತಿದರೆ ಎಳೆ ಎಳೆಯಾಗಿ ಜೊತೆಗೆ ಏಳುತ್ತದೆ. ಕಣ್ಣಿನ ಮೇಲೆ ಹೊಲಿಯುವಾಗ ಯಾವ ಮೈ ಮೇಲೆ, ಯಾವ ಮೈ ಕೆಳಗೆ ಎಂದು ತಪ್ಪಬಾರದು. ಅತ್ತೆ ಎರಡೂ ಕಡೆ ಹತ್ತು ಸಲ ಮುಟ್ಟಿ ನೋಡಿದರು. ಮೂಗಿನ ಹತ್ತಿರ ತಂದು ಉಸಿರು ಬಿಟ್ಟರು. ಪೊರೆ ಪಟಪಟನೆ ಅಲುಗಿತು. ಆಮೇಲೆ ಅದನ್ನು ಕಣ್ಣಿನೆದುರು ಹಿಡಿದು ಅದರ ಮೂಲಕವೇ ಕಿಟಕಿಯತ್ತ ನೋಡಿದರು.

"ಮಂಜು ಮಂಜಾಗಿ ಕಾಣುತ್ತೆ ಕಣೇ. ಒಳಗಿದ್ದಾಗ ಕರುವಿಗೆ ಏನಾದ್ರೂ ಕಾಣ್ತಿತ್ತಾ?"

"ಒಳಗೆ ಕತ್ತಲು ಅತ್ತೆ. ಗೊತ್ತಿಲ್ಲ ನಂಗೆ."

"ಹೊಲಿದರೆ ಏನಾಗುತ್ತೆ?"

"ಹುಣ್ಣಾದ ಜಾಗದಲ್ಲಿ ಹೊಸ ಚರ್ಮ ಹಬ್ಬೋಕೆ ಒಂದು ನೆಲ ಬೇಕು. ಇದು ನೆಲ ಆಗುತ್ತೆ. ಉರಿ, ಕೆಂಪು ಕಡಿಮೆ ಮಾಡುತ್ತೆ. ಬೇರೆ ದೇಹದ್ದು ಅಂತ ಕಣ್ಣು ಇದರ ಜೊತೆ ಅಷ್ಟಾಗಿ ಜಗಳಕ್ಕೆ ನಿಲ್ಲಲ್ಲ. ಕೆಲಸ ಮುಗಿದ ಮೇಲೆ ತಾನೇ ಕರಗಿಹೋಗುತ್ತೆ."

ಅತ್ತೆ ಪೊರೆಯನ್ನು ತಟ್ಟೆಗೆ ಇಳಿಸಿದರು. "ಹಾಗಾದ್ರೆ ನಿನ್ನ ಗಂಡ ಇಂಥದೇ ಚೀಲದಲ್ಲಿ ಬಂದನಲ್ಲ, ಅದೆಲ್ಲಿ ಹೋಯ್ತೋ? ನಾನು ಕೇಳಲೇ ಇಲ್ಲ ನೋಡು. ಆಗ ಕೇಳಬೇಕಿತ್ತು."

ಅಷ್ಟರಲ್ಲಿ ನನ್ನ ಗಂಡ ನೀರು ಕುಡಿಯಲು ಒಳಗೆ ಬಂದವನು ಈ ಮಾತು ಕೇಳಿ, ತಟ್ಟೆ ನೋಡಿ, ಬಂದ ದಾರಿಯಲ್ಲೇ ಹಿಂದಿರುಗಿದ. ಕರೆಂಟಿನ ಕಂಬ ಹತ್ತಿ ಕೆಲಸ ಮಾಡುವ ಆಳು, ಒಂದು ಹನಿ ರಕ್ತ ಕಂಡರೆ ಗೋಡೆ ಹಿಡಿದುಕೊಳ್ಳುತ್ತಾನೆ. ಆ ವರ್ಷವಿಡೀ ಅವನು ಮನೆಯಲ್ಲಿ ಐಸು ಹಾಕಿದ್ದೇನನ್ನೂ ಕುಡಿಯಲಿಲ್ಲ.

ಕೆಲವು ವಾರಗಳ ನಂತರ ಗಡಿಯಾರ ರಿಪೇರಿಯವನು ತನ್ನ ನಾಯಿಯನ್ನು ಎದೆಗವಚಿಕೊಂಡು ಬಂದ. ಮೂಲೆಯಂಗಡಿಯಲ್ಲಿ ಒಂಟಿಯಾಗಿ ಕೂತು ಗಡಿಯಾರ ಬಿಚ್ಚುವ ಮನುಷ್ಯ, ಐವತ್ತು ದಾಟಿರಬೇಕು. ಅವನ ಚಪ್ಪಟೆ ಮೂತಿಯ ನಾಯಿಯ ಹೆಸರು ದೊರೆ. ಹೆಸರಿಗೆ ತಕ್ಕಂತೆ ಕೆಲಸವಿಲ್ಲ, ಗತ್ತು ಬಹಳ. ಗಿರಾಕಿ ಬಂದರೂ ಏಳದೆ ಕಣ್ಣು ಮಾತ್ರ ಹೊರಳಿಸುತ್ತದೆ. ಆ ಕಣ್ಣುಗಳೋ, ಇನ್ನೇನು ಕೆಳಗೆ ಬೀಳುತ್ತವೇನೋ ಎಂಬಂತೆ ಮುಂದೆ ಬಂದಿರುತ್ತವೆ. ಯಾವುದೋ ಬೆಕ್ಕು ಪರಚಿತ್ತು. ಎಡಗಣ್ಣಿನ ಕರಿಗುಡ್ಡೆಯ ಮೇಲೆ ಹುಣ್ಣಾಗಿ, ಗುಂಡಿ ಬಿದ್ದು, ಸುತ್ತಲೂ ಬೆಳ್ಳಗೆ ಲೋಳೆಯಾಗಿತ್ತು. ಮದ್ದು ಹಾಕಿ ಎರಡು ದಿನ ನೋಡಿದೆ. ಗುಂಡಿ ಇನ್ನೂ ಆಳವಾಯಿತು. ಇನ್ನೊಂದಿಷ್ಟು ಕರಗಿದರೆ ಕಣ್ಣು ಒಡೆಯುತ್ತದೆ.

ಇದ್ದ ದಾರಿಗಳನ್ನು ಹೇಳಿದೆ. ಕಣ್ಣು ತೆಗೆದುಬಿಡುವುದು, ನೋವು ನಿಲ್ಲುತ್ತದೆ, ಒಂದು ಕಣ್ಣಿನಲ್ಲೂ ನಾಯಿ ಚೆನ್ನಾಗಿ ಬಾಳುತ್ತದೆ. ಇಲ್ಲವೇ ದೂರದ ದೊಡ್ಡಾಸ್ಪತ್ರೆಗೆ ಒಯ್ಯುವುದು. ದಾರಿಯಲ್ಲೇ ಒಡೆಯುವ ಭಯವಿದೆ. ಆಮೇಲೆ, ಸ್ವಲ್ಪ ತಡವರಿಸಿ, ಫ್ರೀಜರಿನಲ್ಲಿದ್ದ ಪೊರೆಯ ವಿಷಯ ಹೇಳಿದೆ.

"ನಾನು ಇದನ್ನ ಒಂದು ಸಲ ನೋಡಿದೀನಿ, ಅದೂ ಕುದುರೆಗೆ. ನಾನೇ ಕೈಯಾರೆ ಮಾಡಿಲ್ಲ."

ಅವನು ದೊರೆಯ ಕಿವಿ ಸವರುತ್ತ ನನ್ನನ್ನೇ ನೋಡಿದ. "ಡಾಕ್ಟರಮ್ಮ, ಒಂದು ಮಾತು ಕೇಳ್ಲಾ? ಇದು ನಾಯಿಗೆ ಒಳ್ಳೇದು ಅಂತ ಹೇಳ್ತಿದೀರೋ, ಮಾಡಿ ನೋಡಬೇಕು ಅಂತ ನಿಮಗೇ ಆಸೆಯಾಗಿದೆಯೋ?"

ರಾತ್ರಿಯಿಡೀ ಅದೇ ಪ್ರಶ್ನೆ ನನ್ನನ್ನೂ ಕೊರೆದಿತ್ತು. "ಎರಡೂ" ಎಂದೆ. "ಆಸೆ ಇಲ್ಲ ಅಂದ್ರೆ ಸುಳ್ಳಾಗುತ್ತೆ. ಆದರೆ ಇದು ಸರಿಹೋಗದಿದ್ದರೆ ಆಗಲೂ ಕಣ್ಣು ತೆಗೆಯಬಹುದು. ಮೊದಲೇ ತೆಗೆದರೆ ಮತ್ತೆ ಇಡೋಕಾಗಲ್ಲ."

"ಎರಡೂ ಇದ್ದರೆ ಸರಿ" ಎಂದ. "ನಂಗೂ ಅಷ್ಟೇ, ಬಿಚ್ಚಿ ನೋಡಬೇಕು ಅನ್ನಿಸದ ಗಡಿಯಾರ ಕೈಗೆ ಹತ್ತೋದೇ ಇಲ್ಲ. ಮಾಡಿ."

ಚಪ್ಪಟೆ ಮೂತಿಯ ನಾಯಿಗಳಿಗೆ ಅರಿವಳಿಕೆ ಕೊಡುವುದು ಅಪಾಯದ ಕೆಲಸ. ಉಸಿರಿನ ದಾರಿ ಹುಟ್ಟಿನಿಂದಲೇ ಇಕ್ಕಟ್ಟು. ಕಂಪೌಂಡರ್ ಉಸಿರು ಎಣಿಸುತ್ತ ನಿಂತರು. ನಾನು ಭೂತಗನ್ನಡಿ ತಲೆಗೆ ಕಟ್ಟಿಕೊಂಡು, ಕರಗಿದ ಅಂಚನ್ನು ಕೆರೆದು ತೆಗೆದು, ಗುಂಡಿಯೊಳಗೆ ಪೊರೆಯ ಚೂರೊಂದನ್ನು ಮಡಿಸಿ ತುಂಬಿದೆ. ಅದರ ಮೇಲೆ ಇನ್ನೊಂದು ಅಗಲವಾದ ತುಂಡು ಹರಡಿದೆ. ಹತ್ತಿಯ ತುದಿ ಮುಟ್ಟಿಸಿ ಯಾವ ಮೈ ಎಂದು ನೋಡಿಕೊಂಡೆ. ಕೂದಲಿಗಿಂತ ಸಣ್ಣ ದಾರದಿಂದ ಸುತ್ತ ಹೊಲಿಗೆ. ಪೊರೆ ಒದ್ದೆ ಕಾಗದದಂತೆ ಮುದುರುತ್ತದೆ, ಇಕ್ಕಳಕ್ಕೆ ಅಂಟಿ ಹಿಂದೆಯೇ ಬರುತ್ತದೆ. ಒಮ್ಮೆ ಹರಿದೇ ಹೋಯಿತು. ಎರಡನೆಯ ಸೀಸೆ ತೆರೆಸಿ, ಮತ್ತೆ ತೊಳೆದು, ಮೊದಲಿನಿಂದ ಶುರುಮಾಡಿದೆ. ಕೊನೆಗೆ ರೆಪ್ಪೆಗಳ ಅಂಚನ್ನು ಒಂದಿಷ್ಟು ಜೋಡಿಸಿ ಹೊಲಿದು, ಕಣ್ಣು ಕೆರೆದುಕೊಳ್ಳದಂತೆ ಕುತ್ತಿಗೆಗೆ ಪ್ಲಾಸ್ಟಿಕ್ಕಿನ ಆಲಿಕೆ ತೊಡಿಸಿ, ಉಸಿರು ಬಿಟ್ಟೆ.

ಅಷ್ಟು ಹೊತ್ತೂ ಹೊರಗಿನ ಬೆಂಚಿನಲ್ಲಿ ಅತ್ತೆ ಮತ್ತು ಗಡಿಯಾರದವನು ಕೂತಿದ್ದರು. ಅಲ್ಲಿ ನಡೆದದ್ದನ್ನು ಅತ್ತೆ ಆಮೇಲೆ ಹೇಳಿದರು. ಅವನು ಕೈಕೈ ಹಿಸುಕಿಕೊಳ್ಳುತ್ತಿದ್ದನಂತೆ. ಸಮಾಧಾನ ಹೇಳಲೆಂದು ಅತ್ತೆ ಪೊರೆಯ ಪುರಾಣವನ್ನೆಲ್ಲ ಬಿಚ್ಚಿದರಂತೆ: ನುಣುಪು ಮೈ, ಅಂಟು ಮೈ, ನೆಲ, ಜಗಳವಾಡದ ಗುಣ. ಕೇಳುತ್ತ ಕೇಳುತ್ತ ಅವನು ಅವರ ಮುಖವನ್ನೇ ದಿಟ್ಟಿಸತೊಡಗಿದ. ಜೇಬಿನಿಂದ ತನ್ನ ಪುಟ್ಟ ಭೂತಗನ್ನಡಿ ತೆಗೆದು, "ಅಮ್ಮ, ತಪ್ಪು ತಿಳೀಬೇಡಿ, ನಿಮ್ಮ ಕಣ್ಣು ಒಂದ್ಸಲ ನೋಡ್ಲಾ?" ಎಂದನಂತೆ. ಡಾಕ್ಟರು ಕೇಳಿದ್ದರೆ ಎದ್ದುಹೋಗುತ್ತಿದ್ದರೋ ಏನೋ. ಗಡಿಯಾರದವನು ಕೇಳಿದಾಗ ಬೇಡ ಎನ್ನಲು ಕಾರಣ ಸಿಗಲಿಲ್ಲವಂತೆ.

"ಕಪ್ಪಿನ ಮೇಲೆ ಚೆನ್ನಾಗಿ ಹತ್ತಿಬಿಟ್ಟಿದೆ ಅಮ್ಮ. ಇನ್ನು ಸ್ವಲ್ಪ ಬಂದರೆ ನಡುವಿನ ಕಿಂಡಿಗೇ ಅಡ್ಡ ಬರುತ್ತೆ. ನಿಮಗೆ ಕಾಣೋದ್ರಲ್ಲಿ ವ್ಯತ್ಯಾಸ ಇಲ್ವಾ?"

"ಇದೆ" ಎಂದರಂತೆ ಅತ್ತೆ. ಮನೆಯಲ್ಲಿ ಯಾರಿಗೂ ಹೇಳದ ಮಾತು. "ಆ ಕಣ್ಣಲ್ಲಿ ಒಂದು ದೀಪ ಎರಡಾಗಿ ಕಾಣುತ್ತೆ."

ದೊರೆಯ ಕಣ್ಣು ವಾಸಿಯಾದದ್ದು ನೆಟ್ಟಗೆ ಅಲ್ಲ. ಮೊದಲ ವಾರ ಬರೀ ನೀರು, ಪಿಸುರು. ರೆಪ್ಪೆಯ ಹೊಲಿಗೆ ಬಿಚ್ಚಿ ನೋಡಿದರೆ ಪೊರೆಯ ಒಂದು ಅಂಚು ಕಿತ್ತು ಮೇಲೆದ್ದಿತ್ತು. ಎದ್ದ ತುದಿಯನ್ನು ಕತ್ತರಿಸಿ, ಉಳಿದದ್ದನ್ನು ದೇವರ ಮೇಲೆ ಭಾರ ಹಾಕಿ ಬಿಟ್ಟೆ. ಅತ್ತೆ ಪ್ರತಿ ಸಲವೂ ನನ್ನ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. "ಅಂಚಿನಲ್ಲಿ ಕೆಂಪು ಗೆರೆ ಕಾಣುತ್ತಲ್ಲ, ಅದೇನು?" "ಹೋದ ಸಲಕ್ಕಿಂತ ಮಬ್ಬು ಜಾಸ್ತಿಯಾ, ಕಡಿಮೆಯಾ?" ನನಗೆ ಗೊತ್ತಿದ್ದರೆ ಹೇಳುತ್ತಿದ್ದೆ. ಗೊತ್ತಿಲ್ಲದಿದ್ದರೆ ಇಬ್ಬರೂ ಸೇರಿ ಪುಸ್ತಕ ತೆಗೆಯುತ್ತಿದ್ದೆವು. ದೊರೆ ಮಾತ್ರ ನಮ್ಮಿಬ್ಬರ ನಡುವೆ ಆಲಿಕೆಯೊಳಗೆ ಮುಖವಿಟ್ಟುಕೊಂಡು, ತನ್ನ ರಾಜ್ಯ ಕಳೆದುಹೋಯಿತೆಂಬ ಗತ್ತಿನಲ್ಲಿ ಕೂತಿರುತ್ತಿತ್ತು.

ನಿಧಾನವಾಗಿ ಪೊರೆ ತೆಳುವಾಗುತ್ತ ಬಂತು. ಅದರ ಕೆಳಗಿನ ಗುಂಡಿ ತುಂಬಿಕೊಂಡಿತು. ಹುಣ್ಣಿದ್ದಲ್ಲಿ ಹಸಿರು ಹಿಡಿಯುವ ಔಷಧ ಬಿಟ್ಟು ನೋಡಿದಾಗ ಎಲ್ಲೂ ಬಣ್ಣ ಹಿಡಿಯಲಿಲ್ಲ, ಹುಣ್ಣು ಮುಚ್ಚಿತ್ತು. ಕಣ್ಣಿನ ನಡುವೆ ಅಕ್ಕಿಕಾಳಿನಷ್ಟು ಬಿಳಿ ಕಲೆ ಉಳಿಯಿತು. ಆ ಕಡೆಯಿಂದ ಬೆರಳು ಆಡಿಸಿದರೆ ದೊರೆ ತಲೆ ತಿರುಗಿಸಿತು. ಪೂರ್ತಿ ಕಾಣುತ್ತದೆಂದು ನಾನು ಹೇಳಲಾರೆ. ಕಣ್ಣಂತೂ ಉಳಿಯಿತು. ಗಡಿಯಾರದವನು ನಾಯಿಯ ಹಣೆಗೆ ಹಣೆ ತಾಗಿಸಿ ಕೂತುಬಿಟ್ಟ.

ಅಂದು ಸಂಜೆ ತೊಳೆದ ಬಟ್ಟೆ ಮಡಿಸುತ್ತ ಅತ್ತೆ ಕೇಳಿದರು, "ಮನುಷ್ಯರ ಕಣ್ಣಿಗೂ ಇದನ್ನ ಹಾಕ್ತಾರಾ?"

"ಹಾಕ್ತಾರೆ. ನಾವು ಕಲಿತದ್ದೇ ಮನುಷ್ಯರ ಡಾಕ್ಟರಿಂದ. ಸುಟ್ಟ ಕಣ್ಣಿಗೆ, ಹುಣ್ಣಿಗೆ. ದುರ್ಮಾಂಸ ತೆಗೆದ ಜಾಗಕ್ಕೂ ಕೆಲವರಿಗೆ ಹಾಕೋದುಂಟು."

ಅತ್ತೆ ಒಂದು ಟವೆಲನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು. "ಸುಮ್ಮನೆ ಕೇಳ್ಕೊಂಡು ಬರೋಣ. ಮಾಡಿಸ್ಕೊಳ್ಳೋಕಲ್ಲ. ಕೇಳೋಕೆ."

ಕೇಳಲೆಂದೇ ಹೋದೆವು. ಕಣ್ಣಾಸ್ಪತ್ರೆಯ ಡಾಕ್ಟರು ನನ್ನ ವಯಸ್ಸಿನವರೇ, ಮೆದು ಮಾತಿನ ಹೆಂಗಸು. ಯಂತ್ರದ ಮೇಲೆ ಅತ್ತೆಯ ಗದ್ದ ಇಡಿಸಿ, ಬೆಳಕಿನ ಗೆರೆ ಹಾಯಿಸಿ, ಬಹಳ ಹೊತ್ತು ನೋಡಿದರು.

"ಹಿಂದೆ ಕತ್ತರಿಸಿ ಹಾಗೇ ಬಿಟ್ಟಿದಾರೆ ಅಮ್ಮ. ಆಗ ಹಾಗೇ ಮಾಡ್ತಿದ್ದಿದ್ದು. ಖಾಲಿ ಬಿಟ್ಟ ಜಾಗಕ್ಕೆ ಅದು ಮತ್ತೆ ಬಂದು ಕೂರುತ್ತೆ. ಈಗ ನಿಮ್ಮ ಮೇಲಿನ ರೆಪ್ಪೆ ಕೆಳಗಿಂದ ತೆಳುವಾದ ಪದರ ತೆಗೆದು ಅಲ್ಲಿ ಮುಚ್ಚುತ್ತೀವಿ. ಆದರೆ ನಿಮ್ಮ ಕಣ್ಣಲ್ಲಿ ಹಳೇ ಗಾಯದ ಗಂಟಿದೆ, ನಿಮ್ಮದೇ ಪದರ ಅಷ್ಟು ಸಾಲಲ್ಲ. ಉಳಿದ ಜಾಗಕ್ಕೆ..."

"ಪೊರೆ ಹಾಕ್ತೀರಿ" ಎಂದರು ಅತ್ತೆ. "ಹಸುವಿನದ್ದಾ?"

ಡಾಕ್ಟರು ಯಂತ್ರದಿಂದ ತಲೆಯೆತ್ತಿ ನನ್ನತ್ತ ನೋಡಿದರು. ನಾನು ನಗು ತಡೆದುಕೊಂಡು ದೊರೆಯ ಕಥೆ ಹೇಳಬೇಕಾಯಿತು. ಅವರು ಮೊದಲು ನಕ್ಕರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ಹೊಲಿಗೆ ಯಾವುದು, ಎಷ್ಟು ದಿನಕ್ಕೆ ಕರಗಿತು, ಕಲೆ ಎಷ್ಟು ದೊಡ್ಡದು ಎಂದು ನನ್ನನ್ನೇ ಕೇಳತೊಡಗಿದರು. ಹೊರಗೆ ಕಾಯುತ್ತಿದ್ದವರು ಗೊಣಗುವಷ್ಟು ಹೊತ್ತಾಯಿತು.

"ನಮ್ಮದು ಮನುಷ್ಯರದ್ದೇ ಅಮ್ಮ" ಎಂದರು ಕೊನೆಗೆ. "ಸಿಸೇರಿಯನ್ ಆಗೋ ತಾಯಂದಿರನ್ನ ಮೊದಲೇ ಕೇಳಿರ್ತಾರೆ. ಒಪ್ಪಿದವರ ರಕ್ತ ಪರೀಕ್ಷೆ ಮಾಡಿ, ಕೆಲವು ತಿಂಗಳು ಬಿಟ್ಟು ಮತ್ತೊಂದ್ಸಲ ಮಾಡಿ, ಏನೂ ಕಾಯಿಲೆ ಇಲ್ಲ ಅಂತ ಆದ ಮೇಲೇ ನಮ್ಮ ಕೈಗೆ ಬರೋದು."

"ಗಂಡುಮಗುವಿಂದೋ, ಹೆಣ್ಣುಮಗುವಿಂದೋ?"

"ನಮಗೆ ಗೊತ್ತಿರಲ್ಲ."

"ಹೆಸರು ಬೇಡ ನಂಗೆ. ಗಂಡೋ ಹೆಣ್ಣೋ ಅಷ್ಟೇ."

"ಅದೂ ಗೊತ್ತಾಗಬಾರದು ಅಂತಲೇ ಇರೋ ವ್ಯವಸ್ಥೆ ಅಮ್ಮ."

ಅತ್ತೆಗೆ ಇದು ಹಿಡಿಸಲಿಲ್ಲ. ಹುಬ್ಬು ಗಂಟಿಕ್ಕಿ ಕೂತರು. ಸ್ವಲ್ಪ ಹೊತ್ತಿಗೆ ಇನ್ನೊಂದು ಪ್ರಶ್ನೆ ಹೊಳೆಯಿತು. "ಒಂದು ಹೆರಿಗೆ ಪೊರೆ ಒಬ್ಬರಿಗೇನಾ?"

"ಇಲ್ಲ, ಸುಮಾರು ತುಂಡಾಗುತ್ತೆ. ಬಹಳ ಜನಕ್ಕೆ ಆಗುತ್ತೆ."

"ಹಾಗಾದ್ರೆ ಒಂದೇ ಮಗುವಿನ ಚೀಲ ಕಣ್ಣಿಗೆ ಹಾಕಿಸ್ಕೊಂಡವರು ಊರಲ್ಲಿ ಎಷ್ಟೋ ಜನ ಓಡಾಡ್ತಿರ್ತೀವಿ. ನಾವೆಲ್ಲ ಒಬ್ಬರಿಗೊಬ್ಬರು ಏನಾಗಬೇಕು?"

ಡಾಕ್ಟರು ನಗುತ್ತ ಚೀಟಿ ಬರೆದು ಅತ್ತೆಯ ಕೈಗಿಟ್ಟರು. ಬಾಗಿಲ ಹತ್ತಿರ ಬಂದ ಮೇಲೆ ಅತ್ತೆ ತಿರುಗಿ, ಬಸ್ಸಿನ ಸಮಯ ವಿಚಾರಿಸುವವರ ದನಿಯಲ್ಲಿ, "ಯಾವಾಗ ಬರಲಿ?" ಎಂದು ಕೇಳಿದರು.

ಆಪರೇಷನ್ನಿನ ದಿನ ಬೆಳಿಗ್ಗೆ ಮಾತ್ರ ಅವರ ಧೈರ್ಯ ಇಳಿದುಹೋಯಿತು. ತಲೆ ಬಾಚಿಕೊಂಡು ಕೂತವರು ಏಳಲೇ ಇಲ್ಲ. "ಹೋದ ಸಲ ಬಹಳ ನೋವಾಗಿತ್ತು ಕಣೇ. ಆಮೇಲೆ ಅದು ಮತ್ತೆ ಬಂತು. ಆ ನೋವೆಲ್ಲ ಸುಮ್ಮನೆ ತಿಂದ ಹಾಗಾಯ್ತು" ಎಂದರು. ಈ ಸಲ ಬರುವುದೇ ಇಲ್ಲ ಎಂದು ಮಾತು ಕೊಡುವಂತಿರಲಿಲ್ಲ. "ಬರೋ ಸಾಧ್ಯತೆ ಕಡಿಮೆ, ಅಷ್ಟೇ ಅತ್ತೆ" ಎಂದೆ. ಅವರು ನನ್ನ ಮುಖ ನೋಡಿ, "ಸುಳ್ಳು ಹೇಳಲಿಲ್ಲ ನೀನು" ಎಂದು ಎದ್ದರು. ನನ್ನ ಗಂಡ ಬಾಗಿಲಲ್ಲಿ ಬೆವರುತ್ತ ನಿಂತಿದ್ದ. ಅವನ ಬೆನ್ನು ತಟ್ಟಿ, "ನೀನು ಮನೇಲೇ ಇರು ಮಗಾ. ಅಲ್ಲಿ ನಿನ್ನನ್ನ ಹಿಡ್ಕೊಳ್ಳೋಕೆ ಬೇರೆ ಒಬ್ಬರು ಬೇಕಾಗುತ್ತೆ" ಎಂದರು.

ಕಣ್ಣನ್ನು ಮಾತ್ರ ಮರಗಟ್ಟಿಸಿ ಮಾಡುವ ಆಪರೇಷನ್ನು; ಮಲಗಿದವರಿಗೆ ಎಚ್ಚರವಿರುತ್ತದೆ. ಡಾಕ್ಟರು ನನಗೂ ಒಳಗೆ ನಿಲ್ಲಲು ಬಿಟ್ಟರು. ಮುಖದ ಮೇಲೆ ಹಸಿರು ಬಟ್ಟೆ ಹೊದಿಸಿದರೂ ಅದರ ಕೆಳಗಿಂದ ಅತ್ತೆಯ ದನಿ ಬರುತ್ತಲೇ ಇತ್ತು. "ಈಗ ಏನು ಮಾಡ್ತಿದೀರಿ?" "ಕತ್ತರಿಸಿ ಆಯ್ತಾ?" "ಪೊರೆ ಬಂತಾ? ಯಾವ ಮೈ ಮೇಲಿಟ್ರಿ?"

"ನುಣುಪು ಮೈ ಮೇಲೆ ಅಮ್ಮ. ಮಾತಾಡಿದರೆ ಕಣ್ಣು ಆಡುತ್ತೆ."

"ಹತ್ತಿ ಮುಟ್ಟಿಸಿ ನೋಡಿದ್ರಾ?"

"ನೋಡಿದೆ ಅಮ್ಮ."

ಆಮೇಲೆ ದನಿ ನಿಂತಿತು. ಬಟ್ಟೆಯ ಕೆಳಗಿಂದ ಒಂದು ಕೈ ಹೊರಬಂದು ಗಾಳಿಯಲ್ಲಿ ತಡಕಾಡಿತು. ನಾನು ಹಿಡಿದುಕೊಂಡೆ. ಉಪ್ಪಿನಲ್ಲಿ ಬಿರಿದು ಬಿರಿದು ಗಟ್ಟಿಯಾದ ಅಂಗೈ. ಮುಗಿಯುವವರೆಗೂ ಬಿಡಲಿಲ್ಲ.

ಕಣ್ಣು ಕೆಂಪಗೆ ಊದಿಕೊಂಡಿತು, ಮರಳು ಬಿದ್ದಂತೆ ಚುಚ್ಚಿತು. ಆ ದಿನಗಳಲ್ಲಿ ಅವರು ಕನ್ನಡಿಯ ಮುಂದೆಯೇ ಕೂತಿರುತ್ತಿದ್ದರು. "ಇಲ್ಲಿ ನೋಡು, ಇಲ್ಲಿ ಮಿಂಚ್ತಿದೆಯಲ್ಲ, ಅದೇ ಪೊರೆ" ಎಂದು ಬಂದವರಿಗೆಲ್ಲ ರೆಪ್ಪೆ ಎತ್ತಿ ತೋರಿಸಲು ಹೋಗಿ ನನ್ನಿಂದ ಬೈಯಿಸಿಕೊಂಡರು. ಗಡಿಯಾರದವನು ದೊರೆಯ ಸಮೇತ ನೋಡಲು ಬಂದ. ಅತ್ತೆ ತಮ್ಮ ಕಣ್ಣಿನ, ಅವನು ದೊರೆಯ ಕಣ್ಣಿನ ಸುಖದುಃಖ ಹಂಚಿಕೊಂಡರು. ನಿಧಾನವಾಗಿ ಕೆಂಪು ಇಳಿದು ಬಿಳುಪಿಗೆ ತಿರುಗಿತು. ದೀಪ ಒಂದೇ ಆಗಿ ಕಾಣುತ್ತದೆಂದು ಒಂದು ಸಂಜೆ ಅಡುಗೆಮನೆಯಿಂದಲೇ ಕೂಗಿ ಹೇಳಿದರು. ಮತ್ತೆ ಬೆಳೆಯುತ್ತದೋ ಇಲ್ಲವೋ ಎಂದು ಇನ್ನೂ ಬಹಳ ಕಾಲ ಗಮನಿಸುತ್ತಿರಬೇಕು, ಬಿಸಿಲಿಗೆ ಹೋದರೆ ಕಪ್ಪು ಕನ್ನಡಕ ಬಿಡಬಾರದು ಎಂದರು ಡಾಕ್ಟರು.

ಅಂಥದೊಂದು ತಪಾಸಣೆ ಮುಗಿಸಿ ಬಸ್ಸಿನಲ್ಲಿ ಬರುತ್ತಿದ್ದೆವು. ನಮ್ಮೆದುರಿನ ಸೀಟಿನಲ್ಲಿ ತುಂಬು ಬಸುರಿಯೊಬ್ಬಳು, ಇಪ್ಪತ್ತೈದರ ಆಸುಪಾಸಿನವಳು, ಕಿಟಕಿಗೆ ತಲೆಯಾನಿಸಿ ಕೂತಿದ್ದಳು. ಅತ್ತೆ ಅವಳನ್ನೇ ನೋಡುತ್ತಿರುವುದು ಕಂಡು ನನಗೆ ಭಯ ಹತ್ತಿತು. ಮೊಣಕೈಯಿಂದ ತಿವಿದೆ. ಪ್ರಯೋಜನವಾಗಲಿಲ್ಲ.

"ಯಾವಾಗಮ್ಮಾ?" ಎಂದರು.

"ಮುಂದಿನ ವಾರ ಆಂಟಿ. ಸಿಸೇರಿಯನ್ನೇ ಅಂತ ಹೇಳಿದಾರೆ" ಎಂದಳು ಅವಳು. ದನಿಯಲ್ಲಿ ಅಳುಕಿತ್ತು.

ಅತ್ತೆ ಕಪ್ಪು ಕನ್ನಡಕ ತೆಗೆದು, ಎದ್ದುಹೋಗಿ ಅವಳ ಪಕ್ಕದಲ್ಲೇ ಕೂತರು. ಮಗು ಇರುವ ಚೀಲ, ಅದರ ಒಳಪೊರೆ, ನುಣುಪು ಮೈ, ಅಂಟು ಮೈ ಎಲ್ಲವನ್ನೂ ಹೇಳಿದರು. ಸುತ್ತಲಿನವರು ಕಿವಿ ನಿಮಿರಿಸಿದರು. ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಆ ಹುಡುಗಿ ಮಾತ್ರ ಕಿಟಕಿಯಿಂದ ತಲೆ ತೆಗೆದು ಪೂರ್ತಿ ಇವರತ್ತ ತಿರುಗಿದ್ದಳು.

"ಅದನ್ನ ಕೊಟ್ಟರೆ ಮಗುಗೆ ಏನಾದ್ರೂ ಆಗುತ್ತಾ?"

"ಮಗು ಹೊರಗೆ ಬಂದು ಅತ್ತ ಮೇಲೆ ತಾನೇ ತೆಗೆಯೋದು! ಅದಕ್ಕೇನು ಆಗುತ್ತೆ? ಇಲ್ಲದಿದ್ದರೆ ಎಸೆಯೋದೇ. ನಿಮ್ಮ ಆಸ್ಪತ್ರೇಲಿ ತಗೋತಾರಾ ಅಂತ ಕೇಳು. ತಗೊಳ್ಳದಿದ್ದರೂ ಏನಿಲ್ಲ, ನಿಂದು ಹೇಗಿದೆ ಅಂತ ತೋರಿಸಿ ಅಂತ ಕೇಳು. ನಾನು ಕೇಳಲಿಲ್ಲ ನೋಡು."

"ನಿಮ್ಮ ಕಣ್ಣಲ್ಲಿ ಈಗ್ಲೂ ಇದೆಯಾ ಅದು?"

ಅತ್ತೆ ಮುಖವನ್ನು ಕಿಟಕಿಯ ಬೆಳಕಿಗೆ ಹಿಡಿದು, ಬಲಗಣ್ಣನ್ನು ಅಗಲವಾಗಿ ತೆರೆದರು. ಹುಡುಗಿ ಹೊಟ್ಟೆಯ ಮೇಲೆ ಒಂದು ಕೈ ಇಟ್ಟುಕೊಂಡು, ಬಾಗಿ, ತೀರಾ ಹತ್ತಿರದಿಂದ ನೋಡಿದಳು. ಬಸ್ಸು ಕುಲುಕಿದಾಗ ಅತ್ತೆ ಅವಳ ಭುಜ ಹಿಡಿದುಕೊಂಡರು.

"ಎಲ್ಲಿ ಆಂಟಿ? ಏನೂ ಕಾಣಿಸ್ತಾನೇ ಇಲ್ವಲ್ಲ."

"ಅಯ್ಯೋ, ಅದೇ ಮತ್ತೆ! ಕರಗಿ ಕಣ್ಣಲ್ಲೇ ಸೇರಿಹೋಗಿದೆ" ಎಂದರು ಅತ್ತೆ. "ಇನ್ನೊಂದ್ಸಲ ನೋಡು."